ಗಿಣ್ಣಿಗೊಂದು ಗಿಡ

ಉದ್ಯಾನದ ಇಳಿಜಾರಿನಲ್ಲಿ, ರಸ್ತೆ ವಿಭಜಕದ ಮೇಲೆ ಹಸಿರು ಚಾಪೆಯಂತೆ ಹಬ್ಬಿ ಹಳದಿ ಹೂ ಬಿಡುವ ಬಳ್ಳಿಯನ್ನು ನೀವು ನೋಡಿರುತ್ತೀರಿ. ನರ್ಸರಿಯವರು ಇದನ್ನು ವೆಡೇಲಿಯ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಸ್ಫಾಗ್ನೆಟಿಕೋಲ ಟ್ರೈಲೊಬೇಟ. ತವರು ಅಮೆರಿಕ ಖಂಡದ ಉಷ್ಣವಲಯ.

ಇದು ಸೂರ್ಯಕಾಂತಿಯ ಬಂಧು. ಒಂದೇ ಹೂವಿನಂತೆ ಕಾಣುವುದು ವಾಸ್ತವವಾಗಿ ಹಲವು ಕಿರುಹೂಗಳ ಗುಂಪು. ಆದರೆ ಈ ಬಳ್ಳಿ ಹರಡಲು ಬೀಜವನ್ನು ನೆಚ್ಚಿಕೊಂಡಿಲ್ಲ. ತೇವದ ಮಣ್ಣು ತಾಗಿದರೆ ಸಾಕು, ಕಾಂಡದ ಗಿಣ್ಣುಗಳಲ್ಲಿ ಬೇರು ಮೂಡುತ್ತದೆ. ಪಠ್ಯದಲ್ಲಿ ನೀವು ಓದುವ ಕಾಯಜ ಸಂತಾನೋತ್ಪತ್ತಿ ಇದೇ. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಈ ಬೇರುಗಳು ಹಿಡಿದಿಡುತ್ತವೆ. ಆದ್ದರಿಂದಲೇ ತೋಟಗಾರರಿಗೆ ಇದು ಅಚ್ಚುಮೆಚ್ಚು.

ಈ ಗುಣವೇ ದೋಷವೂ ಹೌದು. ಕತ್ತರಿಸಿ ಚರಂಡಿಗೆಸೆದ ತುಂಡು ನೀರಿನೊಡನೆ ಸಾಗಿ ಹಳ್ಳದ ದಂಡೆಯಲ್ಲಿ ಬೇರೂರುತ್ತದೆ. ದಟ್ಟವಾಗಿ ಹಬ್ಬಿ ಅಲ್ಲಿನ ಸಣ್ಣ ಗಿಡಗಳಿಗೆ ಬೆಳಕೂ ಜಾಗವೂ ಸಿಗದಂತೆ ಮಾಡುತ್ತದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಪ್ರಕಟಿಸಿದ, ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಸೇರಿದೆ.

ಮಾಡಿ ನೋಡಿ: ಗಿಣ್ಣಿರುವ ಒಂದು ತುಂಡನ್ನೂ ಗಿಣ್ಣಿಲ್ಲದ ಒಂದು ತುಂಡನ್ನೂ ಬೇರೆ ಬೇರೆ ಲೋಟಗಳಲ್ಲಿ ತೇವದ ಮಣ್ಣಿಗೆ ನೆಡಿ. ಎರಡು ವಾರ ಗಮನಿಸಿ. ಯಾವುದು ಚಿಗುರಿತು? ಏಕೆ? ಬರೆದಿಡಿ. ಬಳಿಕ ತುಂಡುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿಯೇ ಎಸೆಯಿರಿ.

ಪೋಷಕರಿಗೂ ಒಂದು ಮಾತು. ಮನೆಯ ಮುಂದೆ ಈ ಬಳ್ಳಿ ಬೇಕೆಂದರೆ ಕುಂಡದಲ್ಲೋ ಸಿಮೆಂಟು ಕಟ್ಟೆಯೊಳಗೋ ಬೆಳೆಸಿರಿ. ಕೆರೆ, ಹೊಳೆ, ಗದ್ದೆಗಳ ಸಮೀಪ ಮಾತ್ರ ಬೇಡವೇ ಬೇಡ.