ಹೆದ್ದಾರಿಯೂ ಊರದಾರಿಯೂ

ದೇಶದ ಐಶ್ವರ್ಯಕ್ಕೆ ರಸ್ತೆಯೇ ಮೂಲವೆಂಬ ಮಾತು ಇಂದು ಎಲ್ಲರ ನಾಲಗೆಯ ಮೇಲಿದೆ. ಇದು ಹೊಸ ಮಾತೇನೂ ಅಲ್ಲ. ಹಳಗನ್ನಡದಲ್ಲಿ ಹಾದಿಗೆ ‘ಬಟ್ಟೆ’ಯೆಂದೂ ಹಾದಿಹೋಕನಿಗೆ ‘ಬಟ್ಟೆಗ’ನೆಂದೂ ಹೆಸರು. ಅಂತಹ ಬಟ್ಟೆಗರಲ್ಲಿ ಅಗ್ರಗಣ್ಯರಾದ ಅಯ್ಯಾವೊಳೆಯ ಐನೂರ್ವರು ಸರಕು ಹೇರಿಕೊಂಡು ದಕ್ಷಿಣಾಪಥವನ್ನೆಲ್ಲ ಸಂಚರಿಸಿದರು. ಸರಕಿನ ಮೇಲಣ ಸುಂಕದಲ್ಲಿ ಒಂದಂಶವನ್ನು ಧರ್ಮಕಾರ್ಯಗಳಿಗೆ ದತ್ತಿಯಾಗಿ ಬಿಟ್ಟುದನ್ನು ಎಷ್ಟೋ ಶಾಸನಗಳು ಸಾರುತ್ತವೆ. ಸುಂಕದ ವಸೂಲಿಯನ್ನೇ ಕಾಯಕವಾಗಿಸಿಕೊಂಡ ಬಂಕಣ್ಣನು ಶರಣರ ಪಂಕ್ತಿಯಲ್ಲಿಯೇ ಇದ್ದಾನೆ. ಹಾದಿ, ವ್ಯಾಪಾರ, ರಾಜ್ಯದ ಬೊಕ್ಕಸ ಇವುಗಳ ಸಂಬಂಧ ನಮ್ಮ ಹಿರಿಯರಿಗೆ ತಿಳಿಯದುದಾಗಿರಲಿಲ್ಲ.

ಆದರೆ ಹಾದಿಯೆಂದರೆ ಯಾವ ಹಾದಿ? ಈ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳುತ್ತಿಲ್ಲವೆಂಬುದೇ ನನ್ನ ಆಕ್ಷೇಪ.

ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ೫,೮೪೬ ಕಿಲೋಮೀಟರುಗಳ ಸುವರ್ಣ ಚತುಷ್ಕೋನ ಹೆದ್ದಾರಿಯು ೧೯೯೯ರಲ್ಲಿ ಆರಂಭವಾಗಿ ೨೦೧೨ರಲ್ಲಿ ಪೂರ್ಣಗೊಂಡಿತು. ನಮ್ಮ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಹಾದು ಬೆಂಗಳೂರಿಗೆ ಬರುವ ದಾರಿ ಅದರದೇ ಒಂದು ಭುಜ. ಇದರ ಫಲವನ್ನು ಅಳೆದ ಅರ್ಥಶಾಸ್ತ್ರಜ್ಞರು, ಹೆದ್ದಾರಿಯಿಂದ ಹತ್ತು ಕಿಲೋಮೀಟರಿನೊಳಗಿದ್ದ ಜಿಲ್ಲೆಗಳಲ್ಲಿ ಕೈಗಾರಿಕೆಯು ಗಮನಾರ್ಹವಾಗಿ ಬೆಳೆಯಿತೆಂದೂ, ಅದರಾಚೆಯ ಜಿಲ್ಲೆಗಳಲ್ಲಿ ಅಂತಹ ಬೆಳವಣಿಗೆ ಕಾಣಲಿಲ್ಲವೆಂದೂ ಕಂಡುಕೊಂಡರು. ಕಾಲುವೆಯ ಮಗ್ಗುಲ ಹೊಲ ತಣಿದು, ಕೊನೆಯ ಹೊಲ ನೀರಿಗಾಗಿ ಕಾದಿರುವಂತೆ ಇದು.

ಕೊನೆಯ ಹೊಲಕ್ಕೆ ನೀರೊಯ್ಯಬೇಕಾದುದು ಊರದಾರಿ. ೨೦೦೦ದ ಡಿಸೆಂಬರ್ ೨೫ರಂದು ಪ್ರಾರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು, ಬಯಲುಸೀಮೆಯಲ್ಲಿ ಐದುನೂರು ಜನರಿರುವ ಊರಿಗೂ ಸರ್ವಋತು ರಸ್ತೆ ಇರಬೇಕೆಂದು ಹೊರಟಿತು. ಇದರ ಫಲವನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ನನ್ನನ್ನು ಬಹಳ ಕಾಡಿವೆ. ರಸ್ತೆ ಬಂದ ಹಳ್ಳಿಗಳಲ್ಲಿ ಬೆಳೆಯಾಗಲಿ ಆದಾಯವಾಗಲಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಕೃಷಿಯನ್ನು ಬಿಟ್ಟು ಬೇರೆ ದುಡಿಮೆಗೆ ಹೋಗುವವರು ಹೆಚ್ಚಿದರು ಎಂಬುದು ಒಂದರ ನಿರ್ಣಯ. ಮಾಧ್ಯಮಿಕ ತರಗತಿಗಳಿಗೆ ಸೇರುವ ಮಕ್ಕಳ ಸಂಖ್ಯೆ ಏರಿತು ಎಂಬುದು ಇನ್ನೊಂದರದು. ಅಧ್ಯಾಪಕನಾದ ನನಗೆ ಹರ್ಷವೂ ಚಿಂತೆಯೂ ಒಮ್ಮೆಗೇ ಆದುವು. ಶಾಲೆಗೆ ಮಗುವನ್ನು ಕರೆತಂದ ರಸ್ತೆಯೇ ಓದಿದ ತರುಣನನ್ನು ಊರಿನಿಂದ ಕರೆದೊಯ್ಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಇದು ಅನುಭವವೇದ್ಯ.

ಹಾಗೆಂದು ಊರದಾರಿಗೆ ಹಾಕಿದ ಹಣ ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಮಗುವಿನ ವಿದ್ಯೆ ಫಲಿಸಲು ಇಪ್ಪತ್ತು ವರ್ಷ ಬೇಕು. ಬಾಣಂತಿಯೊಬ್ಬಳು ವೇಳೆಗೆ ಸರಿಯಾಗಿ ಆಸ್ಪತ್ರೆ ಸೇರಿದುದು ಬೆಳೆಯ ಲೆಕ್ಕದಲ್ಲಿ ಬರುವುದೇ ಇಲ್ಲ. ಬೆಳೆ ಹೆಚ್ಚದಿದ್ದರೆ ದೋಷ ರಸ್ತೆಯದಲ್ಲ. ಅದರ ಹಿಂದೆ ಬರಬೇಕಾದ ಬಸ್ಸು, ಉಗ್ರಾಣ, ಸಾಲದ ಅನುಕೂಲಗಳು ಬಾರದುದರದು.

ಇನ್ನೊಂದು ಕೊರತೆ ದುರಸ್ತಿಯದು. ಈ ಯೋಜನೆಯ ರಸ್ತೆಯನ್ನು ಮೊದಲ ಐದು ವರ್ಷ ಗುತ್ತಿಗೆದಾರನೇ ನಿರ್ವಹಿಸಬೇಕೆಂಬ ಕರಾರಿದೆ. ಆಮೇಲಿನ ಹೊಣೆ ರಾಜ್ಯದ್ದು. ಚರಂಡಿ ಹೂತರೆ ನೀರು ನಿಲ್ಲುತ್ತದೆ, ನಿಂತ ನೀರು ಡಾಂಬರಿನಡಿಗೆ ಇಳಿದು ತಳವನ್ನು ಸಡಿಲಿಸುತ್ತದೆ. ಅಷ್ಟರಲ್ಲಿ ಸುಗ್ಗಿ ಬಂದು ಎರಡೆರಡು ಟ್ರೈಲರು ಕಬ್ಬು ಹೇರಿದ ಟ್ರಾಕ್ಟರುಗಳು ಉಳಿದ ಕೆಲಸವನ್ನು ಮುಗಿಸುತ್ತವೆ. ಹೊಸ ರಸ್ತೆಗೆ ಶಿಲಾಫಲಕವುಂಟು. ಚರಂಡಿ ಬಗೆದವನ ಹೆಸರನ್ನು ಯಾವ ಕಲ್ಲಿನ ಮೇಲೆ ಕೆತ್ತಿದುದನ್ನೂ ನಾನು ಕಂಡಿಲ್ಲ.

ಆದುದರಿಂದ ನನ್ನ ಸೂಚನೆಯಿಷ್ಟು: ಹೆದ್ದಾರಿಯ ಸುಂಕಕಟ್ಟೆಗಳಲ್ಲಿ ಕೂಡುವ ಹಣದ ಒಂದಂಶವನ್ನು, ಆ ಹೆದ್ದಾರಿಗೆ ಬಂದು ಸೇರುವ ಊರದಾರಿಗಳ ದುರಸ್ತಿಗೆಂದೇ ಮೀಸಲಿಡಬೇಕು. ಹೆದ್ದಾರಿಯವರ ಹಣ ಹಳ್ಳಿಗೇಕೆ ಎಂದು ಕೇಳುವವರಿದ್ದಾರೆ. ಸುಂಕಕಟ್ಟೆಯ ಮುಂದೆ ಸಾಲುಗಟ್ಟಿ ನಿಂತ ಲಾರಿಗಳಲ್ಲಿರುವ ಜೋಳ, ಹತ್ತಿ, ಬೆಲ್ಲ, ಈರುಳ್ಳಿಗಳು ಹೊರಟು ಬಂದುದು ಯಾವ ದಾರಿಯಿಂದ ಎಂಬುದನ್ನು ಅವರು ಆ ಲಾರಿಗಳ ಚಾಲಕರನ್ನೇ ವಿಚಾರಿಸಬಹುದು.