ಗುಳಿಗೆ ಎಲ್ಲರಿಗೂ, ಪರೀಕ್ಷೆ ಯಾರಿಗೆ?

ಧಾರವಾಡ: ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಅಂಗನವಾಡಿ ಹಾಗೂ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಹುಳದ ಗುಳಿಗೆ ಅಗಿದು ನುಂಗುವ ದೃಶ್ಯ ಈಗ ಹೊಸದಲ್ಲ. 2015ರ ಫೆಬ್ರುವರಿಯಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಡಿ 1ರಿಂದ 19 ವರ್ಷದವರಿಗೆಲ್ಲ ಅಲ್ಬೆಂಡಜೋಲ್ ಉಚಿತ. ಎರಡು ವರ್ಷದೊಳಗಿನ ಕೂಸಿಗೆ ಅರ್ಧ ಗುಳಿಗೆ, ಉಳಿದವರಿಗೆ 400 ಮಿಲಿಗ್ರಾಂನ ಪೂರ್ಣ ಗುಳಿಗೆ. ಹೊಟ್ಟೆಯಲ್ಲಿ ಹುಳು ಇದೆಯೋ ಇಲ್ಲವೋ ಎಂದು ಯಾರನ್ನೂ ಪರೀಕ್ಷಿಸುವುದಿಲ್ಲ.

ಇದು ಅಲಕ್ಷ್ಯವಲ್ಲ, ನೀತಿ. ಗುಳಿಗೆ ಅಗ್ಗ, ಸುರಕ್ಷಿತ. ಪ್ರತಿ ಮಗುವಿನ ಮಲ ಪರೀಕ್ಷೆಗೆ ತಗಲುವ ವೆಚ್ಚ ಗುಳಿಗೆಯ ಬೆಲೆಗಿಂತ ಎಷ್ಟೋ ಹೆಚ್ಚು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಸೋಂಕಿನ ಪ್ರಮಾಣ ಶೇ 20 ದಾಟಿದ ಪ್ರದೇಶದಲ್ಲಿ ವರ್ಷಕ್ಕೊಮ್ಮೆ, ಶೇ 50 ದಾಟಿದಲ್ಲಿ ಎರಡು ಬಾರಿ ಸಾಮೂಹಿಕವಾಗಿ ಔಷಧ ನೀಡಲು ಸೂಚಿಸಿದೆ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಹರಡುವ ಜಂತುಹುಳುವಿನ ಸೋಂಕಿದೆ ಎಂಬುದು ಅದರ ಅಂದಾಜು. ಆದರೆ ಶೇ 20 ಅಥವಾ ಶೇ 50 ಎಂಬ ಅಂಕಿ ದೊರೆಯಬೇಕಾದರೂ ಯಾರೋ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಮೊಟ್ಟೆ ಎಣಿಸಲೇಬೇಕು. ತೊಡಕು ಇರುವುದು ಅಲ್ಲಿಯೇ.

ಮೊಟ್ಟೆ ಎಣಿಸುವ ಕೆಲಸ

ಸಮೀಕ್ಷೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಯಾಟೊ-ಕಾಟ್ಜ್ ವಿಧಾನ. ಜಪಾನಿನಲ್ಲಿ 1954ರಲ್ಲಿ ಮೊದಲು ರೂಪುಗೊಂಡು, ಬ್ರೆಜಿಲ್‌ನಲ್ಲಿ 1972ರಲ್ಲಿ ಪರಿಷ್ಕಾರಗೊಂಡ ಈ ವಿಧಾನದಲ್ಲಿ 41.7 ಮಿಲಿಗ್ರಾಂ ಮಲವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಗ್ಲಿಸರಿನ್‌ನಲ್ಲಿ ನೆನೆಸಿದ ತೆಳು ಹಾಳೆಯನ್ನು ಮುಚ್ಚಿ ನೋಡಲಾಗುತ್ತದೆ. ಕಂಡ ಮೊಟ್ಟೆಗಳ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಲೆಕ್ಕ ಸಿಗುತ್ತದೆ. ದುಂಡುಹುಳು ಮತ್ತು ಚಾಟಿಹುಳುವಿನ ವಿಷಯದಲ್ಲಿ ಇದು ಸಲೀಸು. ಕೊಕ್ಕೆಹುಳುವಿನ ಕಥೆ ಬೇರೆ. ಅದರ ಮೊಟ್ಟೆಯ ಕವಚ ಬಹಳ ತೆಳು. ಗ್ಲಿಸರಿನ್ ತಗಲಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡದಿದ್ದರೆ ಕಣ್ಣಿಗೆ ಕಾಣದಂತಾಗುತ್ತದೆ. ಬೆಳಿಗ್ಗೆ ಕಲಘಟಗಿಯ ಹಳ್ಳಿಯಲ್ಲಿ ಸಿದ್ಧಪಡಿಸಿದ ಗಾಜಿನ ಪಟ್ಟಿಯನ್ನು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ನೋಡಿದರೆ ಹುಳು ‘ಇಲ್ಲ’ ಎಂಬ ವರದಿಯೇ ಬರುವ ಸಂಭವ ಹೆಚ್ಚು.

ಮಲವನ್ನು ಹಾಗೆಯೇ ಡಬ್ಬಿಯಲ್ಲಿಟ್ಟು ಕಳುಹಿಸಿದರೆ ಮತ್ತೊಂದು ಫಜೀತಿ. ಬೇಸಿಗೆಯ ಸೆಕೆಗೆ ಒಂದೆರಡು ದಿನಗಳಲ್ಲಿ ಕೊಕ್ಕೆಹುಳುವಿನ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಅನುಭವ ಕಡಿಮೆಯಿರುವ ತಂತ್ರಜ್ಞರು ಅದನ್ನು ಸ್ಟ್ರಾಂಜಿಲಾಯ್ಡಿಸ್ ಎಂಬ ಬೇರೊಂದು ಹುಳುವಿನ ಮರಿಯೆಂದು ತಪ್ಪಾಗಿ ಗುರುತಿಸುವುದುಂಟು. ಇದಕ್ಕೆ ಉಪಾಯವಿಲ್ಲದಿಲ್ಲ: ಮಾದರಿಗೆ ಫಾರ್ಮಲಿನ್ ಬೆರೆಸಿದರೆ ಮೊಟ್ಟೆ ಕೆಡುವುದಿಲ್ಲ. ಹುಳು ಪ್ರತಿದಿನ ಒಂದೇ ಪ್ರಮಾಣದಲ್ಲಿ ಮೊಟ್ಟೆ ಇಡುವುದಿಲ್ಲವಾದ್ದರಿಂದ ಒಂದೇ ಮಾದರಿಯ ಬದಲು ಬೇರೆ ಬೇರೆ ದಿನಗಳ ಎರಡು ಮೂರು ಮಾದರಿ ನೋಡುವುದು ಕ್ಷೇಮ. ಸೂಜಿಹುಳುವಿಗಾದರೆ ಮಲ ಪರೀಕ್ಷೆಯೇ ಅಷ್ಟಾಗಿ ಉಪಯೋಗವಿಲ್ಲ; ಮಗು ಬೆಳಿಗ್ಗೆ ಎದ್ದೊಡನೆ, ತೊಳೆಯುವ ಮೊದಲು, ಗುದದ್ವಾರಕ್ಕೆ ಅಂಟುಪಟ್ಟಿ ಒತ್ತಿ ಅದನ್ನು ಪರೀಕ್ಷಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎಂಬ ಮನೆಮಾತು ಮಾತ್ರ ಯಾವ ಪರೀಕ್ಷೆಯಲ್ಲೂ ನಿಲ್ಲದು.

ಒಂದೇ ಜಿಲ್ಲೆ, ಎರಡು ಮಣ್ಣು

ರಾಜ್ಯದ ಸರಾಸರಿಯೊಂದನ್ನೇ ಹಿಡಿದು ಧಾರವಾಡ ಜಿಲ್ಲೆಯನ್ನು ಅಳೆಯುವುದು ಕಷ್ಟ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹೆಚ್ಚಿನ ಭಾಗ ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುವ ನೆಲ, ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆ. ಕಲಘಟಗಿ ಮಲೆನಾಡಿನ ಸೆರಗು. ಮಳೆ ಹೆಚ್ಚು, ಭತ್ತದ ಗದ್ದೆ, ಮರದ ನೆರಳು. ಕೊಕ್ಕೆಹುಳುವಿನ ಮರಿಗೆ ಬೇಕಾದದ್ದು ತೇವ, ನೆರಳು ಮತ್ತು ಸಡಿಲ ಮಣ್ಣು. ಅದು ಮುಖ್ಯವಾಗಿ ಬರಿಗಾಲಿನ ಚರ್ಮದ ಮೂಲಕ ದೇಹ ಸೇರುತ್ತದೆ. ದುಂಡುಹುಳುವಿನ ಮೊಟ್ಟೆಯಾದರೋ ಜಿಗುಟು ಮಣ್ಣಿನಲ್ಲಿಯೂ ಬಹುಕಾಲ ಬದುಕುತ್ತದೆ. ಕೈಬೆರಳು, ತರಕಾರಿ, ನೀರಿನ ಮೂಲಕ ಬಾಯಿ ಸೇರುತ್ತದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಕೊಳವೆಬಾವಿಯ ನೀರು ಸವಳಾಗಿರುವ ಕಾರಣ ತಲೆಮಾರುಗಳಿಂದ ಕೆರೆನೀರನ್ನೇ ನೆಚ್ಚಿದ ನವಲಗುಂದ ಭಾಗದ ಹಳ್ಳಿಗಳಲ್ಲಿ ಹುಡುಕಬೇಕಾದ ಹುಳು ಒಂದು, ಕಲಘಟಗಿಯಲ್ಲಿ ಹುಡುಕಬೇಕಾದದ್ದು ಇನ್ನೊಂದು ಆಗಿರಬಹುದು. ಪರೀಕ್ಷೆಯ ವಿಧಾನವೂ ಅದಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ.

ಇದು ಬರಿಯ ಲೆಕ್ಕಾಚಾರದ ಮಾತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆಲ್ಲ ಹುಳುವೇ ಕಾರಣವೆಂದು ಹೇಳಲಾಗದು; ಊಟದ ಕೊರತೆಯದೇ ದೊಡ್ಡ ಪಾಲು. ಆದರೆ ಕೊಕ್ಕೆಹುಳುವಿನ ಒಂದು ಜಾತಿ ದಿನಕ್ಕೆ ಸುಮಾರು 0.03 ಮಿಲಿಲೀಟರ್, ಇನ್ನೊಂದು ಜಾತಿ ಅದರ ಐದು ಪಟ್ಟು ಅಥವಾ ಇನ್ನೂ ಹೆಚ್ಚು ರಕ್ತ ಹೀರುತ್ತದೆ. ಕರುಳಿನಲ್ಲಿ ನೂರಾರು ಹುಳುಗಳಿದ್ದರೆ ಕಬ್ಬಿಣಾಂಶದ ಗುಳಿಗೆ ತೂತು ಕೊಡಕ್ಕೆ ನೀರು ಹೊಯ್ದಂತೆ. ಗರ್ಭಿಣಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಹುಳದ ಗುಳಿಗೆ ನೀಡುವ ವ್ಯವಸ್ಥೆಯಿದೆ. ಆದರೆ ಗದ್ದೆಯಲ್ಲಿ ಬರಿಗಾಲಲ್ಲಿ ನಾಟಿ ಮಾಡುವ ನಲವತ್ತರ ಕೂಲಿ ಮಹಿಳೆ, ಐವತ್ತರ ಕೃಷಿ ಕಾರ್ಮಿಕ ಈ ಶಾಲಾ ಕಾರ್ಯಕ್ರಮದ ವ್ಯಾಪ್ತಿಗೇ ಬರುವುದಿಲ್ಲ. ಅವರ ಪಾಲಿಗೆ ಉಳಿದಿರುವುದು ಆಸ್ಪತ್ರೆಯ ಮಲ ಪರೀಕ್ಷೆಯೊಂದೇ. ವೈದ್ಯರು ಬರೆದುಕೊಟ್ಟರೆ ಮಾತ್ರ ಅದು ನಡೆಯುತ್ತದೆ.

ಸ್ಟ್ರಾಂಜಿಲಾಯ್ಡಿಸ್ ಹುಳುವಿನ ಅಪಾಯ ಇನ್ನೂ ಗಂಭೀರ. ಇದು ಕ್ಯಾಟೊ-ಕಾಟ್ಜ್‌ನಲ್ಲಿ ಕಾಣದು, ಒಂದೇ ಗುಳಿಗೆ ಅಲ್ಬೆಂಡಜೋಲ್‌ಗೆ ಸರಿಯಾಗಿ ಮಣಿಯದು, ಐವರ್ಮೆಕ್ಟಿನ್ ಬೇಕು. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ಸೋಂಕು, ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ಕೊಟ್ಟಾಗ ದೇಹವೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರಬಲ್ಲದು. ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಕಣಗಳು ಏರಿರುವುದು ಒಂದು ಸುಳಿವು. ಅದು ಕಂಡಾಗ ಕೆಮ್ಮಿನ ಔಷಧಕ್ಕೆ ನಿಲ್ಲದೆ ಮಲವನ್ನೂ ನೋಡಬೇಕು ಎಂಬುದು ವೈದ್ಯಕೀಯ ಪಠ್ಯದ ಹಳೆಯ ಪಾಠ.

ಕುರಿ ಸಾಕಣೆದಾರರಿಗೆ ಒಂದು ಸಂಗತಿ ಗೊತ್ತು: ಅದೇ ಹುಳದ ಔಷಧವನ್ನು ಮತ್ತೆ ಮತ್ತೆ ಕುಡಿಸಿದರೆ ಬರುಬರುತ್ತಾ ನಾಟುವುದಿಲ್ಲ. ಅಲ್ಬೆಂಡಜೋಲ್ ಗುಂಪಿನ ಔಷಧಗಳಿಗೆ ಕುರಿಯ ಹುಳುಗಳು ಜಗ್ಗದಿರುವುದು ಅನೇಕ ದೇಶಗಳಲ್ಲಿ ದಾಖಲಾಗಿದೆ. ಮನುಷ್ಯರಲ್ಲಿಯೂ ಹಾಗಾಗುತ್ತಿದೆಯೇ ಎಂದು ತಿಳಿಯಲು ಗುಳಿಗೆ ಕೊಡುವ ಮೊದಲೊಮ್ಮೆ, ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಮೊಟ್ಟೆ ಎಣಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲ ಪರೀಕ್ಷೆ ಲಭ್ಯವಿರಬೇಕೆಂದು ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳೇ ಹೇಳಿವೆ. ಬೇಕಾಗುವುದು ಒಂದು ಸೂಕ್ಷ್ಮದರ್ಶಕ, ಒಬ್ಬ ತಂತ್ರಜ್ಞ. ಮಲೇರಿಯಾದ ರಕ್ತಲೇಪನ ನೋಡುವುದು, ಕ್ಷಯದ ಕಫ ಪರೀಕ್ಷಿಸುವುದು ಕೂಡ ಅದೇ ತಂತ್ರಜ್ಞನ ಹೊಣೆ.