85 ಎಂಎಂ ಭಜನೆ ಸಾಕು ಮಾಡ್ರಿ!

ಮಕ್ಕಳ ಫೋಟೋಕ್ಕೆ ಯಾವ ಲೆನ್ಸ್ ಅಂದ್ರೆ ಸಾಕು, ನಮ್ಮ ಆಫೀಸಿನ ಕ್ಯಾಮೆರಾ ಪಂಡಿತರದ್ದು ಒಂದೇ ರಾಗ: "85 ಎಂಎಂ, ಎಫ್ 1.4 ತಗೋ!" ಅಲ್ರೀ, ಇವರ್ಯಾರಾದ್ರೂ ನವಲಗುಂದದ ಮಣ್ಣಿನ ಮಾಳಿಗೆ ಮನೆ ನೋಡಿದಾರಾ? ಎಪಿಎಸ್-ಸಿ ಸೆನ್ಸರಿನಲ್ಲಿ 85 ಅಂದ್ರೆ ಹತ್ತಿರಹತ್ತಿರ 130ರ ನೋಟ. ಪಡಸಾಲೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಕ್ಕನ ಮಗಳ ಮುಖ, ಭುಜ ಬಿಟ್ಟು ಬೇರೇನೂ ಸಿಗಲ್ಲ. ಎಫ್ 1.4ರಲ್ಲಿ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಅಷ್ಟರಲ್ಲಿ ಕೂಸು ಅಂಗಳದಲ್ಲಿ!

35 ಎಂಎಂ ಎಫ್ 1.8 ಸಾಕು ಸ್ವಾಮಿ. ಬಾಗಿಲ ಬೆಳಕಿಗೆ ಕೂರಿಸಿ, ಎಫ್ 2.8, ಷಟರ್ 1/250... ಹಿಂದೆ ರೊಟ್ಟಿ ಬಡಿಯೋ ಆಯಿನೂ ಬರ್ತಾಳೆ. ಅವಳನ್ನ ಬೆಣ್ಣೆ ಹಂಗೆ ಕರಗಿಸೋಕೆ ಇಎಂಐ ಬೇರೆ ಕಟ್ಟಬೇಕಾ? ಮಾಳಿಗೆ ಆಗಲೇ ಎರಡು ಕಡೆ ಸೋರ್ತಿದೆ, ಆಯಿಗೆ 80 ದಾಟಿದೆ.